ಜೆ.ಸಿ. ರಸ್ತೆಯ ಹೆಲ್ಮೆಟ್ ಅಂಗಡಿ: ಮೊದಲು ಪಟ್ಟಿ, ಆಮೇಲೆ ಬಣ್ಣ

ಹೋದ ವರ್ಷ ಮಳೆಗಾಲದಲ್ಲಿ ನನ್ನ ಮೈದುನ ಸ್ಕೂಟರ್‌ನಿಂದ ಬಿದ್ದ. ನೀರು ತುಂಬಿದ್ದ ಗುಂಡಿ ಕಾಣಲಿಲ್ಲ, ಮುಂದಿನ ಚಕ್ರ ಇಳಿಯಿತು, ಅಷ್ಟೇ. ಹೆಲ್ಮೆಟ್ ಇತ್ತು. ಗಲ್ಲದ ಕೆಳಗಿನ ಪಟ್ಟಿ ಹಾಕಿರಲಿಲ್ಲ. ನೋಡಿದವರು ಹೇಳಿದ ಪ್ರಕಾರ ಅವನ ತಲೆ ನೆಲ ಮುಟ್ಟುವ ಮೊದಲೇ ಹೆಲ್ಮೆಟ್ ಉರುಳಿಕೊಂಡು ರಸ್ತೆಯ ಆ ಬದಿಗೆ ಹೋಗಿತ್ತು. ಹುಬ್ಬಿನಿಂದ ಕಿವಿಯ ತನಕ ಒಂಬತ್ತು ಹೊಲಿಗೆ, ಎರಡು ದಿನ ಆಸ್ಪತ್ರೆ. ಈಗ ಚೆನ್ನಾಗಿದ್ದಾನೆ, ದೇವರು ದೊಡ್ಡವನು. ಆದರೆ ಆಸ್ಪತ್ರೆಯಲ್ಲಿ ಡಾಕ್ಟರ್ "ಹೆಲ್ಮೆಟ್ ಹಾಕಿದ್ರಾ?" ಅಂತ ಕೇಳಿದಾಗ ನಾವೆಲ್ಲ ಒಟ್ಟಿಗೆ "ಹಾಕಿದ್ದ, ಹಾಕಿದ್ದ" ಅಂದೆವು. ಆ ಮಾತು ನನ್ನನ್ನು ಬಹಳ ದಿನ ಕಾಡಿತು.

ಅವನು ಹಾಕಿರಲಿಲ್ಲ. ತಲೆ ಮೇಲೆ ಇಟ್ಟುಕೊಂಡಿದ್ದ.

ಈ ವ್ಯತ್ಯಾಸ ನನಗೆ ಸರಿಯಾಗಿ ಅರ್ಥ ಮಾಡಿಸಿದ್ದು ಜೆ.ಸಿ. ರಸ್ತೆಯ ಒಂದು ಸಣ್ಣ ಹೆಲ್ಮೆಟ್ ಅಂಗಡಿ. ಅದರ ಬಗ್ಗೆ ಬರೆಯಬೇಕು ಅಂತ ಆಗಿನಿಂದ ಅಂದುಕೊಂಡಿದ್ದೆ. ಬೋರ್ಡ್ ಮೇಲೆ ಕನ್ನಡದಲ್ಲಿ "ಹೆಲ್ಮೆಟ್" ಅಂತ ಮಾತ್ರ ಇದೆ, ಬೇರೆ ಹೆಸರು ನನಗೆ ಕಾಣಲಿಲ್ಲ. ಬೆಂಗಳೂರಿನಲ್ಲಿ ಇರುವವರಿಗೆ ಜೆ.ಸಿ. ರಸ್ತೆ ಗೊತ್ತೇ ಇರುತ್ತದೆ. ಟೌನ್ ಹಾಲ್‌ನಿಂದ ಮಿನರ್ವ ಸರ್ಕಲ್ ತನಕ, ರವೀಂದ್ರ ಕಲಾಕ್ಷೇತ್ರ ಬಿಟ್ಟರೆ ಎಲ್ಲೆಲ್ಲೂ ಗಾಡಿ ಸಾಮಾನು, ಸೀಟ್ ಕವರ್, ಹಾರ್ನ್, ಲೈಟ್. ಮುಖ್ಯ ರಸ್ತೆಯ ಗದ್ದಲದಿಂದ ಒಂದು ಅಡ್ಡರಸ್ತೆ ಒಳಗೆ ಹೋದರೆ ಈ ಅಂಗಡಿ. ನಾಲ್ಕು ಜನ ನಿಂತರೆ ಐದನೆಯವರು ಹೊರಗೆ ಕಾಯಬೇಕು, ಅಷ್ಟು ಚಿಕ್ಕದು.

ನಾವು ಹೋದದ್ದು ನಾನು, ಮೈದುನ, ಏಳು ವರ್ಷದ ಮಗಳು. ಒಳಗೆ ಹೋಗುತ್ತಿದ್ದ ಹಾಗೆ ಮಗಳು ಗುಲಾಬಿ ಬಣ್ಣದ್ದು ನೋಡಿ ಕೈ ತೋರಿಸಿದಳು. ಅಂಗಡಿ ಯಜಮಾನರು, ಅರುವತ್ತರ ಹತ್ತಿರದವರು, "ಅದು ಎಲ್ಲೂ ಹೋಗಲ್ಲ ಪುಟ್ಟಿ, ಮೊದಲು ತಲೆ ಅಳೀತೀನಿ" ಅಂದರು. ಟೈಲರ್ ಟೇಪ್ ತೆಗೆದು ಹುಬ್ಬಿನಿಂದ ಸ್ವಲ್ಪ ಮೇಲೆ, ಕಿವಿಯ ಮೇಲಿಂದ, ಹಿಂದೆ ತಲೆ ಉಬ್ಬಿದ ಜಾಗದ ಸುತ್ತ ಅಳೆದರು. ಅವಳದ್ದು 52 ಸೆಂಟಿಮೀಟರ್, ಮೈದುನನದ್ದು 58. ನನ್ನದು ಅಳೆಯುವ ಮೊದಲು "ಕ್ಲಿಪ್ ತೆಗೀರಿ ಅಮ್ಮಾ, ತುರುಬು ಬಿಚ್ಚಿ" ಅಂದರು. ಹತ್ತು ವರ್ಷದಿಂದ ತುರುಬಿನ ಮೇಲೆ ಹೆಲ್ಮೆಟ್ ಹಾಕುತ್ತಿದ್ದೇನೆ. ಹಾಗೆ ಹಾಕಿದರೆ ಅದು ಮುಂದಕ್ಕೆ ವಾಲುತ್ತದೆ, ಹಿಂದೆ ಕೂರುವುದೇ ಇಲ್ಲ, ಬಿದ್ದರೆ ಗಟ್ಟಿ ಕ್ಲಿಪ್ ತಲೆಗೇ ಚುಚ್ಚುತ್ತದೆ ಅಂತ ಹೇಳಿದರು. ಜಡೆ ಹಾಕಿ ಕೆಳಗೆ ಬಿಡಿ, ಇಲ್ಲಾಂದ್ರೆ ಕತ್ತಿನ ಹತ್ತಿರ ಕೆಳಗೆ ರಬ್ಬರ್ ಬ್ಯಾಂಡ್ ಹಾಕಿ, ಅಷ್ಟೇ. ಇಷ್ಟು ಸಣ್ಣ ವಿಷಯ. ಹೆಂಗಸರಿಗೆ ಹೆಲ್ಮೆಟ್ ಮಾರುವ ಯಾರೂ ಯಾಕೆ ಇದನ್ನು ಹೇಳುವುದಿಲ್ಲ?

ಆಮೇಲೆ ಅವರು ಕೌಂಟರ್ ಕೆಳಗಿಂದ ಎರಡು ಹೆಲ್ಮೆಟ್ ತೆಗೆದು ಇಟ್ಟರು. ಎರಡನ್ನೂ ಗರಗಸದಲ್ಲಿ ಸೌತೆಕಾಯಿ ಸೀಳಿದ ಹಾಗೆ ಸರಿಯಾಗಿ ಅರ್ಧಕ್ಕೆ ಕೊಯ್ದಿದ್ದಾರೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ, ಕಪ್ಪು, ಹೊಳೆಯುತ್ತವೆ, ಎರಡರ ಮೇಲೂ ಐಎಸ್‌ಐ ಗುರುತು. ಒಂದರ ಒಳಗೆ ಹೆಬ್ಬೆರಳು ದಪ್ಪಕ್ಕೆ ಗಟ್ಟಿ ಥರ್ಮಾಕೋಲ್ ಪದರ, ತಲೆ ಸುತ್ತ ಎಲ್ಲ ಕಡೆ. ಇನ್ನೊಂದರಲ್ಲಿ ತೆಳು ಪ್ಲಾಸ್ಟಿಕ್ ಚಿಪ್ಪು, ಅದಕ್ಕೆ ಅಂಟಿಸಿದ ಸ್ಪಂಜು, ಮೇಲೊಂದು ಬಟ್ಟೆ. ಮುಗಿಯಿತು. ಅದು ಫ್ಲೈಓವರ್ ಕೆಳಗೆ ಹಗ್ಗಕ್ಕೆ ನೇತು ಹಾಕಿ ಮಾರುವ ಹೆಲ್ಮೆಟ್, 250 ರೂಪಾಯಿಯದ್ದು. ಮೈದುನನ ತಲೆ ಮೇಲೆ ಅವತ್ತು ಇದ್ದದ್ದೂ ಅಂಥದ್ದೇ. ಅವನು ಆ ಅರ್ಧ ತುಂಡನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ಸುಮ್ಮನೆ ನಿಂತಿದ್ದ.

ಥರ್ಮಾಕೋಲ್ ಏನು ಮಾಡುತ್ತದೆ ಅಂತ ಅವರು ವಿವರಿಸಿದ ರೀತಿ ನನಗೆ ತುಂಬಾ ಇಷ್ಟವಾಯಿತು, ನಾನು ಟೀಚರ್ ಆದ್ದರಿಂದ ಇನ್ನೂ ಜಾಸ್ತಿ. ತಲೆ ನೆಲಕ್ಕೆ ಬಡಿದಾಗ ತಲೆಬುರುಡೆ ತಕ್ಷಣ ನಿಲ್ಲುತ್ತದೆ, ಆದರೆ ಒಳಗಿನ ಮೆದುಳು ನಿಲ್ಲುವುದಿಲ್ಲ, ಅದೇ ವೇಗದಲ್ಲಿ ಹೋಗಿ ಒಳಗೋಡೆಗೆ ಬಡಿಯುತ್ತದೆ. ಹೊರಗಿನ ಗಟ್ಟಿ ಚಿಪ್ಪು ಪೆಟ್ಟನ್ನು ಒಂದೇ ಕಡೆ ಬೀಳಲು ಬಿಡದೆ ಹರಡುತ್ತದೆ. ಒಳಗಿನ ಥರ್ಮಾಕೋಲ್ ತಾನು ಜಜ್ಜಿ ಹೋಗಿ ತಲೆ ನಿಲ್ಲಲು ಚೂರು ಸಮಯ ಕೊಡುತ್ತದೆ. ಆ ಚೂರು ಸಮಯವೇ ಜೀವ. ಒಮ್ಮೆ ಜಜ್ಜಿದ ಥರ್ಮಾಕೋಲ್ ಮತ್ತೆ ಉಬ್ಬುವುದಿಲ್ಲ, ಹಾಗಾಗಿ ಜೋರಾಗಿ ಬಿದ್ದ ಹೆಲ್ಮೆಟ್ ಹೊರಗಿನಿಂದ ಎಷ್ಟೇ ಚೆನ್ನಾಗಿ ಕಂಡರೂ ಅದರ ಕೆಲಸ ಮುಗಿಯಿತು. ಸ್ಪಂಜು ತಲೆಗೆ ಮೆತ್ತಗಿರಲಿ ಅಂತ ಅಷ್ಟೇ, ಅದು ಯಾರನ್ನೂ ಉಳಿಸುವುದಿಲ್ಲ.

ನಕಲಿ ಗುರುತು ಕಂಡುಹಿಡಿಯುವುದು ಹೇಗೆ? ಐಎಸ್‌ಐ ಗುರುತಿನ ಮೇಲೆ ಐಎಸ್ 4151 ಅಂತ ಇರಬೇಕು, ಕೆಳಗೆ ಸಿಎಂ/ಎಲ್ ಅಂತ ಶುರುವಾಗುವ ಲೈಸೆನ್ಸ್ ನಂಬರ್ ಇರಬೇಕು. ಆ ನಂಬರನ್ನು ಈ ಗುರುತು ಕೊಡುವ ಸರ್ಕಾರಿ ಸಂಸ್ಥೆ ಬಿಐಎಸ್‌ನ ಬಿಐಎಸ್ ಕೇರ್ ಅನ್ನುವ ಆ್ಯಪ್‌ನಲ್ಲಿ ಹಾಕಿದರೆ ಅದು ಯಾವ ಕಂಪನಿಗೆ ಕೊಟ್ಟದ್ದು, ಈಗಲೂ ಚಾಲ್ತಿಯಲ್ಲಿದೆಯಾ ಅಂತ ತೋರಿಸುತ್ತದೆ. ನನ್ನ ಫೋನಿನಲ್ಲೇ ಆ್ಯಪ್ ಹಾಕಿಸಿ, ನಾನು ಕೊಳ್ಳಬೇಕಿದ್ದ ಹೆಲ್ಮೆಟ್‌ನ ನಂಬರನ್ನು ನನ್ನ ಕೈಯಲ್ಲೇ ಹೊಡೆಸಿದರು. ತಮ್ಮ ಮಾತನ್ನು ನಂಬಬೇಡಿ, ನೀವೇ ನೋಡಿ ಅನ್ನುವ ವ್ಯಾಪಾರಿಯನ್ನು ನಾನು ಬೇರೆಲ್ಲೂ ಕಂಡಿಲ್ಲ. 2021ರ ಜೂನ್ 1ರಿಂದ ಬಿಐಎಸ್ ಕೊಡುವ ಈ ಐಎಸ್‌ಐ ಗುರುತಿಲ್ಲದ ದ್ವಿಚಕ್ರ ಹೆಲ್ಮೆಟ್ ಮಾಡುವುದೂ ಮಾರುವುದೂ ದೇಶದಲ್ಲಿ ತಪ್ಪು. ಆದರೂ ರಸ್ತೆ ಬದಿಯಲ್ಲಿ ರಾಶಿ ರಾಶಿ ಇವೆ, ಯಾಕೆಂದರೆ ನಾವು ಕೊಳ್ಳುತ್ತೇವೆ.

ಈಗ ಪಟ್ಟಿಯ ವಿಷಯ. ನನ್ನ ಪ್ರಕಾರ ಈ ಅಂಗಡಿಗೆ ಐದಕ್ಕೆ ಐದು ಕೊಡಬೇಕಾದದ್ದು ಇದೊಂದಕ್ಕೇ. ಹೆಲ್ಮೆಟ್ ತಲೆಗೆ ಇಳಿಸಿ, ಪಟ್ಟಿ ಲಾಕ್ ಮಾಡಿ, ಗಲ್ಲದ ಕೆಳಗೆ ಎರಡು ಬೆರಳು ಮಾತ್ರ ಹೋಗುವಷ್ಟು ಬಿಗಿ ಮಾಡುತ್ತಾರೆ. ಆಮೇಲೆ "ಆಕಳಿಸಿ" ಅನ್ನುತ್ತಾರೆ. ಬಾಯಿ ದೊಡ್ಡದಾಗಿ ತೆರೆದಾಗ ಹೆಲ್ಮೆಟ್ ನೆತ್ತಿಯನ್ನು ಕೆಳಗೆ ಒತ್ತಬೇಕು. ಒತ್ತದಿದ್ದರೆ ಪಟ್ಟಿ ಸಡಿಲ. ಆಮೇಲೆ ಹಿಂದಿನಿಂದ ಹೆಲ್ಮೆಟ್‌ನ ಅಂಚು ಹಿಡಿದು ಮುಂದಕ್ಕೆ ಎತ್ತಿ ತಳ್ಳುತ್ತಾರೆ, ಸಾಕಷ್ಟು ಜೋರಾಗಿಯೇ. ಕಳಚಿ ಬಂದರೆ ಆ ಸೈಜು ನಿಮ್ಮದಲ್ಲ. ತಲೆ ಆಡಿಸಿದಾಗ ಹೆಲ್ಮೆಟ್ ಜೊತೆಗೆ ಹಣೆಯ ಚರ್ಮವೂ ಸರಿಯಬೇಕು. ಕೆನ್ನೆ ಒತ್ತಿದ ಹಾಗೆ, ಬಾಯಿ ತುಂಬಾ ಅವಲಕ್ಕಿ ತುಂಬಿಕೊಂಡ ಹಾಗೆ ಅನಿಸಬೇಕು, ಸ್ವಲ್ಪ ದಿನಕ್ಕೆ ಒಳಗಿನ ಸ್ಪಂಜು ಅಡಗುತ್ತದೆ, ಆಗ ಸರಿಹೋಗುತ್ತದೆ. ಕೊಳ್ಳುವ ದಿನವೇ ಆರಾಮಾಗಿದೆ ಅನಿಸಿದರೆ ಅದು ದೊಡ್ಡದಾಯಿತು ಅಂತಲೇ ಲೆಕ್ಕ. ಮೈದುನ ಮೊದಲು ಇಷ್ಟಪಟ್ಟದ್ದು ಈ ತಳ್ಳುವ ಪರೀಕ್ಷೆಯಲ್ಲಿ ಅರ್ಧ ಕಳಚಿತು. ಅದು 300 ರೂಪಾಯಿ ಜಾಸ್ತಿ ಬೆಲೆಯದ್ದು. ಅದನ್ನು ಪಕ್ಕಕ್ಕೆ ಇಟ್ಟು ಕಡಿಮೆ ಬೆಲೆಯದ್ದನ್ನೇ ಕೊಟ್ಟರು.

ಗೋಡೆಯ ಮೇಲೆ ಒಂದು ಹಾಳೆ ಅಂಟಿಸಿದ್ದಾರೆ. ಮೋಟಾರು ವಾಹನ ಕಾಯ್ದೆಯ 129ನೇ ಸೆಕ್ಷನ್, ಕನ್ನಡದಲ್ಲಿ, ಕೈಬರಹದಲ್ಲಿ. ನಾಲ್ಕು ವರ್ಷ ಮೇಲ್ಪಟ್ಟ ಪ್ರತಿಯೊಬ್ಬರೂ, ಓಡಿಸುವವರೂ ಹಿಂದೆ ಕೂತವರೂ, ಹೆಲ್ಮೆಟ್ ಹಾಕಬೇಕು ಅಂತ ಇದೆ. ಅದರ ಕೆಳಗೆ ಕೆಂಪು ಶಾಯಿಯಲ್ಲಿ ಗೆರೆ ಎಳೆದ ಸಾಲು: ಹೆಲ್ಮೆಟ್ ಅನ್ನು ಪಟ್ಟಿಯಿಂದ ತಲೆಗೆ ಭದ್ರವಾಗಿ ಕಟ್ಟಿರಬೇಕು. ಅಂದರೆ ಪಟ್ಟಿ ಹಾಕದಿದ್ದರೆ ಕಾನೂನಿನ ಪ್ರಕಾರವೂ ಹೆಲ್ಮೆಟ್ ಹಾಕಿದ ಹಾಗಲ್ಲ. ನನಗೆ ಇದು ಗೊತ್ತೇ ಇರಲಿಲ್ಲ. ಹಿಂಬದಿ ಸವಾರರಿಗೂ ಹೆಲ್ಮೆಟ್ ಬೇಕು ಅಂತ ಕರ್ನಾಟಕದಲ್ಲಿ 2016ರ ಜನವರಿಯಿಂದ ಹೇಳುತ್ತಿದ್ದಾರೆ, ಅದು ನೆನಪಿದೆ, ಆಗ ಎಷ್ಟು ಗಲಾಟೆಯಾಗಿತ್ತು. ದಂಡ ನಮ್ಮ ರಾಜ್ಯದಲ್ಲಿ 500 ರೂಪಾಯಿ, ಜೊತೆಗೆ ಮೂರು ತಿಂಗಳು ಲೈಸೆನ್ಸ್ ಅಮಾನತು ಮಾಡಲು ಕಾಯ್ದೆಯಲ್ಲಿ ಅವಕಾಶ ಇದೆ. ಆದರೆ ನಾವಿದ್ದ ಒಂದೂವರೆ ಗಂಟೆಯಲ್ಲಿ ಈ ಯಜಮಾನರು ದಂಡದ ಮಾತು ಒಮ್ಮೆಯೂ ಎತ್ತಲಿಲ್ಲ. ಪೊಲೀಸರ ಹೆಸರನ್ನೂ ಎತ್ತಲಿಲ್ಲ. ಎಲ್ಲ ಮಾತೂ ತಲೆಯ ಬಗ್ಗೆಯೇ.

ಇದನ್ನು ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅಂದರೆ, ನಾನು ಪ್ರತಿ ವರ್ಷ ಜನವರಿಯಲ್ಲಿ ಮಕ್ಕಳ ಜೊತೆ ರಸ್ತೆ ಸುರಕ್ಷತಾ ಜಾಥಾಗೆ ಹೋಗುತ್ತೇನೆ. ಮೊದಲು ಸಪ್ತಾಹ ಇತ್ತು, ಈಗ ತಿಂಗಳು ಪೂರ್ತಿ ಮಾಡುತ್ತಾರೆ. "ಹೆಲ್ಮೆಟ್ ಧರಿಸಿ, ಜೀವ ಉಳಿಸಿ" ಅಂತ ಫಲಕ ಹಿಡಿದು ಮಕ್ಕಳು ಬಿಸಿಲಲ್ಲಿ ಕೂಗಿಕೊಂಡು ನಡೆಯುತ್ತಾರೆ, ತುಂಬಾ ಪ್ರೀತಿಯಿಂದ ಮಾಡುತ್ತಾರೆ. ಜಾಥಾ ಬೇಕು, ನಾನು ಬಿಡುವುದಿಲ್ಲ. ಆದರೆ ಧರಿಸುವುದು ಹೇಗೆ ಅಂತ ನಾವು ಮಕ್ಕಳಿಗೂ ಹೇಳಿಕೊಡಲಿಲ್ಲ, ಅವರನ್ನು ಗೇಟಿನ ಹತ್ತಿರ ಇಳಿಸಿ ಹೋಗುವ ಅಪ್ಪ ಅಮ್ಮಂದಿರಿಗೂ ಹೇಳಲಿಲ್ಲ. ಈ ನಗರದಲ್ಲಿ ಒಂದು ಕೋಟಿಗಿಂತ ಜಾಸ್ತಿ ಗಾಡಿಗಳಿವೆ, ಅದರಲ್ಲಿ ಬಹುಪಾಲು ದ್ವಿಚಕ್ರವೇ. ಯಾವುದೇ ಸಿಗ್ನಲ್‌ನಲ್ಲಿ ನಿಂತು ಹತ್ತು ಜನರ ಗಲ್ಲದ ಕೆಳಗೆ ನೋಡಿ, ಪಟ್ಟಿ ನೇತಾಡುತ್ತಿರುವವರು ಎಷ್ಟು ಜನ ಅಂತ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ ಅಂತ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿ ಹೇಳುತ್ತದೆ. ಅದರಲ್ಲಿ ಹೆಲ್ಮೆಟ್ ಹಾಕದೆ ಸತ್ತವರು 50,029. ಇದರಲ್ಲಿ 14,337 ಜನ ಹಿಂದೆ ಕೂತವರು. ಹಿಂದೆ ಕೂರುವವರು ಅಂದರೆ ನಮ್ಮ ಮನೆಗಳಲ್ಲಿ ಯಾರು? ಅಮ್ಮ, ಹೆಂಡತಿ, ಮಗು. ಬೇರೆ ಬೇರೆ ದೇಶಗಳ ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದಾಗ ಹೆಲ್ಮೆಟ್‌ನಿಂದ ಸಾವಿನ ಅಪಾಯ ಸುಮಾರು 42%, ತಲೆ ಪೆಟ್ಟಿನ ಅಪಾಯ ಸುಮಾರು 69% ಕಡಿಮೆಯಾಗುತ್ತದೆ ಅಂತ ಕಂಡುಬಂದಿದೆ. ಈ ಲಾಭ ಸಿಗಬೇಕಾದರೆ ಬೀಳುವಾಗ ಅದು ತಲೆ ಮೇಲೇ ಇರಬೇಕು, ಅಲ್ವಾ?

ಮಗಳ ವಿಷಯಕ್ಕೆ ಬರುತ್ತೇನೆ. ಅವಳು ಸ್ಕೂಟರ್ ಮುಂದೆ ನಿಲ್ಲುತ್ತಾಳೆ ಅಂತ ನಾನು ಹೇಳಿದಾಗ ಅವರ ಮುಖ ಬದಲಾಯಿತು. "ಬ್ರೇಕ್ ಹಾಕಿದ್ರೆ ಮೊದಲು ಹ್ಯಾಂಡಲ್‌ಗೆ ಬಡಿಯೋದು ಮಗೂನೇ ಅಮ್ಮಾ, ಹಿಂದೆ ಕೂರಿಸಿ" ಅಂದರು. ಗಟ್ಟಿ ಮಾತು, ಆದರೆ ಬೈಗುಳ ಅಲ್ಲ. ಆಮೇಲೆ ಅವಳಿಗೆ ಮೂರು ಹೆಲ್ಮೆಟ್ ಹಾಕಿ ನೋಡಿದರು. ದೊಡ್ಡವರ ಹೆಲ್ಮೆಟ್‌ಗೆ ಟವೆಲ್ ತುಂಬಿ ಮಕ್ಕಳಿಗೆ ಹಾಕಬಾರದು, ಮಕ್ಕಳ ಕತ್ತು ಮೆತ್ತಗೆ, ಭಾರವೂ ಕಡಿಮೆ ಇರಬೇಕು. ಕೊನೆಗೆ ಸರಿಹೊಂದಿದ್ದು ಗುಲಾಬಿ ಅಲ್ಲ, ನೀಲಿ. ಅಳು ಬರುವ ಹಾಗಾಯಿತು ಅವಳಿಗೆ. ಆಗ ಅವರು ಲಾಕ್ ಅವಳ ಕೈಗೇ ಕೊಟ್ಟು "ನೀನೇ ಹಾಕು, ಟಕ್ ಅಂತ ಸದ್ದು ಬರಬೇಕು" ಅಂದರು. ಹತ್ತು ಸಲ ಹಾಕಿ ತೆಗೆದಳು. ಹತ್ತನೇ ಸಲಕ್ಕೆ ಬಣ್ಣ ಮರೆತೇ ಹೋಗಿತ್ತು. ಈಗ ಮನೆಯಲ್ಲಿ ನಮ್ಮತ್ತೆಯ ಗಲ್ಲದ ಕೆಳಗೂ ಬೆರಳು ಹಾಕಿ ನೋಡುವವಳು ಅವಳೇ.

ನಮ್ಮ ಅಕ್ಕನ ಮಗನಿಗೆ ಮೂರು ವರ್ಷ, ಅವನಿಗೆ ಏನು ಬೇಕು ಅಂತಲೂ ಕೇಳಿದೆ. ನಾಲ್ಕು ವರ್ಷದ ಒಳಗಿನ ಮಕ್ಕಳಿಗೆ 2022ರ ಫೆಬ್ರವರಿಯಲ್ಲಿ ಬೇರೆ ನಿಯಮ ಬಂದಿದೆ, 2023ರ ಫೆಬ್ರವರಿಯಿಂದ ಜಾರಿ. ಮಗುವನ್ನು ಓಡಿಸುವವರ ಮೈಗೆ ಸೇರಿಸಿ ಕಟ್ಟುವ ಬೆಲ್ಟ್ ಬೇಕು, ಅದು 30 ಕಿಲೋ ತೂಕ ತಡೆಯುವಂಥದ್ದಾಗಿರಬೇಕು. ಒಂಬತ್ತು ತಿಂಗಳು ತುಂಬಿದ ಮೇಲೆ ಮಗುವಿನ ತಲೆಗೇ ಸರಿಹೊಂದುವ ಹೆಲ್ಮೆಟ್ ಬೇಕು. ಗಾಡಿ 40 ಕಿಲೋಮೀಟರ್ ವೇಗ ದಾಟಬಾರದು. ನಾನು ಕೇಳಿದ ಅಕ್ಕಪಕ್ಕದ ಮನೆಯವರಲ್ಲಿ ಒಬ್ಬರಿಗೂ ಈ ನಿಯಮ ಗೊತ್ತಿರಲಿಲ್ಲ.

ಇನ್ನೊಂದು ಹಾಳೆಯೂ ಇದೆ, ಬಾಗಿಲ ಹತ್ತಿರ. ಅಪಘಾತದಲ್ಲಿ ಬಿದ್ದವರಿಗೆ ಸಹಾಯ ಮಾಡಲು ಹೆದರಬೇಡಿ ಅಂತ. ಅದನ್ನು ಓದುವಾಗ ನನ್ನ ಕಣ್ಣು ತುಂಬಿ ಬಂತು. ಮೈದುನ ಬಿದ್ದಾಗ ಅವನನ್ನು ಎತ್ತಿ ತಂದದ್ದು ಒಬ್ಬ ಆಟೋ ಡ್ರೈವರ್. ಆಸ್ಪತ್ರೆ ಬಾಗಿಲಲ್ಲಿ ಇಳಿಸಿ, ಹೆಸರನ್ನೂ ಹೇಳದೆ, ಬಾಡಿಗೆಯನ್ನೂ ತಗೊಳ್ಳದೆ ಅವಸರದಲ್ಲಿ ಹೊರಟು ಹೋದರು. ಕೇಸು, ಸ್ಟೇಷನ್ ಅಂತ ಭಯ ಇತ್ತೇನೋ. ಆ ಭಯ ಬೇಡ. ಇಂಥ ಸಹಾಯ ಮಾಡಿದವರನ್ನು ರಕ್ಷಿಸಲು ಕರ್ನಾಟಕ 2016ರಲ್ಲೇ ಮಸೂದೆ ಪಾಸು ಮಾಡಿತು, 2018ರಲ್ಲಿ ರಾಷ್ಟ್ರಪತಿ ಒಪ್ಪಿಗೆ ಸಿಕ್ಕಿ ಅದು ಕಾನೂನಾಯಿತು, 2019ರಲ್ಲಿ ಕೇಂದ್ರದ ಮೋಟಾರು ವಾಹನ ಕಾಯ್ದೆಗೂ 134ಎ ಅಂತ ಸೆಕ್ಷನ್ ಸೇರಿತು. ಹೆಸರು ಹೇಳಲೇಬೇಕು ಅಂತ ಯಾರೂ ಒತ್ತಾಯ ಮಾಡುವ ಹಾಗಿಲ್ಲ. ನೆಲಮಂಗಲದ ಹತ್ತಿರ 2016ರ ಫೆಬ್ರವರಿಯಲ್ಲಿ ಲಾರಿ ಹರಿದು ಪ್ರಾಣ ಬಿಡುವಾಗಲೂ ಅಂಗದಾನ ಮಾಡಿ ಅಂತ ಬೇಡಿಕೊಂಡ ಹರೀಶ್ ನೆನಪಿದ್ದಾರಾ? ಅವರ ಹೆಸರಿನಲ್ಲಿ ಬಂದ ಸಾಂತ್ವನ ಯೋಜನೆಯಲ್ಲಿ ಮೊದಲ 48 ಗಂಟೆಗೆ 25,000 ರೂಪಾಯಿ ತನಕ ಚಿಕಿತ್ಸೆ ಉಚಿತ ಅಂತ ಮಾಡಿದರು. 2025ರಲ್ಲಿ ಕೇಂದ್ರವೂ ಅಪಘಾತವಾದ ಏಳು ದಿನಕ್ಕೆ ಒಂದೂವರೆ ಲಕ್ಷದ ತನಕ ನಗದಿಲ್ಲದ ಚಿಕಿತ್ಸೆಯ ಯೋಜನೆ ತಂದಿದೆ. ಹಾಳೆಯ ಕೊನೆಯಲ್ಲಿ 108 ಅಂತ ದೊಡ್ಡದಾಗಿ ಬರೆದಿದ್ದಾರೆ. ಅದರ ಕೆಳಗೆ, ಬಿದ್ದವರು ಉಸಿರಾಡುತ್ತಿದ್ದರೆ ಅವರ ಹೆಲ್ಮೆಟ್ ಎಳೆದು ತೆಗೆಯಬೇಡಿ, ಕತ್ತಿಗೆ ಪೆಟ್ಟಾಗಿರಬಹುದು ಅಂತ.

ಕೊರತೆಗಳನ್ನೂ ಹೇಳಲೇಬೇಕು. ಮಕ್ಕಳ ಸೈಜಿನಲ್ಲಿ ಆಯ್ಕೆ ತುಂಬಾ ಕಡಿಮೆ. ಮಗುವಿನ ಬೆಲ್ಟ್ ಅವತ್ತು ಇರಲೇ ಇಲ್ಲ, ತರಿಸಿಕೊಡಲು ಮೂರು ವಾರ ತಗೊಂಡರು, ನಾನು ಎರಡು ಸಲ ಫೋನ್ ಮಾಡಬೇಕಾಯಿತು. ಒಬ್ಬೊಬ್ಬರಿಗೂ ಇಪ್ಪತ್ತು ನಿಮಿಷ ಕೊಡುವುದರಿಂದ ಶನಿವಾರ ಸಂಜೆ ಹೊರಗೆ ನಿಂತು ಕಾಯಲೇಬೇಕು, ಕೂರಲು ಒಂದು ಸ್ಟೂಲ್ ಇಟ್ಟರೆ ವಯಸ್ಸಾದವರಿಗೆ ಅನುಕೂಲ. ಚೌಕಾಸಿ ಇಲ್ಲ. ನಮಗೆ ಮೂರು ಹೆಲ್ಮೆಟ್‌ಗೆ ಒಟ್ಟು 3,450 ರೂಪಾಯಿ ಆಯಿತು, ಬಿಲ್ ಕೊಟ್ಟರು. ಆನ್‌ಲೈನ್‌ನಲ್ಲಿ ಇವೇ ಕಂಪನಿಯವು ನೂರಿನ್ನೂರು ಕಡಿಮೆಗೆ ಸಿಗುತ್ತವೆ ನಿಜ, ಆದರೆ ಆನ್‌ಲೈನ್‌ನಲ್ಲಿ ಯಾರೂ ನಿಮ್ಮ ತಲೆ ಹಿಡಿದು ತಳ್ಳಿ ನೋಡುವುದಿಲ್ಲ.

ಮೂರು ತಿಂಗಳಾದ ಮೇಲೆ ಮೈದುನನ ಹೆಲ್ಮೆಟ್‌ನ ಕೆನ್ನೆ ಸ್ಪಂಜು ಜಾಸ್ತಿ ಅಡಗಿ ಸಡಿಲವಾಯಿತು. ತಗೊಂಡು ಹೋದೆವು. ಸ್ವಲ್ಪ ದಪ್ಪ ಸ್ಪಂಜು ಹಾಕಿಕೊಟ್ಟರು, ದುಡ್ಡು ತಗೊಳ್ಳಲಿಲ್ಲ. ಗೀರು ಬಿದ್ದ ಗ್ಲಾಸ್ ಬದಲಾಯಿಸಲು ಮಾತ್ರ ತಗೊಂಡರು. ರಾತ್ರಿ ಓಡಿಸುವವರಿಗೆ ಕಪ್ಪು ಗ್ಲಾಸ್ ಕೇಳಿದರೂ ಕೊಡುವುದಿಲ್ಲ. ಮಳೆಯಲ್ಲಿ ಗ್ಲಾಸ್ ಮಂಜಾದರೆ ಒಂದು ಬೆರಳಷ್ಟು ಎತ್ತಿ, ಹೆಲ್ಮೆಟ್ ಅನ್ನು ಪೆಟ್ರೋಲ್ ಥಿನ್ನರ್ ಹಾಕಿ ಒರೆಸಬೇಡಿ, ಕನ್ನಡಿಗೆ ನೇತು ಹಾಕಿದರೆ ಒಳಗಿನ ಥರ್ಮಾಕೋಲ್ ಗುಳಿ ಬೀಳುತ್ತದೆ, ಬೀಳದಿದ್ದರೂ ಐದು ವರ್ಷಕ್ಕೆ ಬದಲಾಯಿಸಿ ಅಂತೆಲ್ಲ ಹೇಳಿ ಕಳಿಸಿದರು.

ಈ ಜನವರಿಯಲ್ಲಿ ಅವರನ್ನು ನಮ್ಮ ಶಾಲೆಗೆ ಕರೆದೆ. ಕೊಯ್ದ ಆ ಎರಡು ಹೆಲ್ಮೆಟ್ ಒಂದು ಚೀಲದಲ್ಲಿ ಹಾಕಿಕೊಂಡು ಬೆಳಿಗ್ಗೆ ಏಳೂವರೆಗೆ ಬಂದರು. ಸಭೆ ಬೇಡ, ಮೈಕು ಬೇಡ ಅಂದರು. ಮಕ್ಕಳನ್ನು ಬಿಡಲು ಬರುವ ಗೇಟಿನ ಹತ್ತಿರ ಒಂದು ಬೆಂಚು ಹಾಕಿಸಿಕೊಂಡು ನಿಂತರು. ಗಾಡಿ ನಿಲ್ಲಿಸಿದ ಅಪ್ಪಂದಿರನ್ನು ಕರೆದು "ಸಾರ್, ಒಂದು ನಿಮಿಷ" ಅಂತ ಹೇಳಿ ಒಂದು ಅರ್ಧವನ್ನು ಬಲಗೈಗೆ, ಇನ್ನೊಂದು ಅರ್ಧವನ್ನು ಎಡಗೈಗೆ ಕೊಡುತ್ತಿದ್ದರು, ಅಷ್ಟೇ. ಭಾಷಣ ಇಲ್ಲ. ಒಂದು ಗಂಟೆಯಲ್ಲಿ ಎಷ್ಟೋ ಜನ ಹೊರಡುವ ಮೊದಲು ಗಲ್ಲದ ಕೆಳಗೆ ಕೈ ಹಾಕಿ ಪಟ್ಟಿ ಬಿಗಿ ಮಾಡಿಕೊಂಡು ಹೋದರು. ನಾನು ಗೇಟಿನಲ್ಲೇ ನಿಂತು ನೋಡುತ್ತಿದ್ದೆ.

ಹೋಗುವವರಿಗೆ: ಭಾನುವಾರ ರಜಾ. ಬೆಳಿಗ್ಗೆ ಹತ್ತೂವರೆಗೆ ಬಾಗಿಲು ತೆಗೆಯುತ್ತಾರೆ, ಆಗ ಹೋದರೆ ಜನ ಕಡಿಮೆ. ಗಾಡಿ ನಿಲ್ಲಿಸಲು ಜಾಗ ಸಿಗುವುದು ಕಷ್ಟ, ಕೆ.ಆರ್. ಮಾರ್ಕೆಟ್ ಮೆಟ್ರೋದಲ್ಲಿ ಇಳಿದು ಟೌನ್ ಹಾಲ್ ಕಡೆಯಿಂದ ನಡೆದುಕೊಂಡು ಬರುವುದು ವಾಸಿ. ಯಾರಿಗೆ ಹೆಲ್ಮೆಟ್ ಬೇಕೋ ಅವರನ್ನೇ ಕರೆದುಕೊಂಡು ಹೋಗಿ, ಅಂದಾಜಿನ ಮೇಲೆ ಕೊಡಿ ಅಂದರೆ ಕೊಡುವುದಿಲ್ಲ. ಈಗ ಹಾಕುತ್ತಿರುವ ಹಳೆಯ ಹೆಲ್ಮೆಟ್ ಅನ್ನೂ ಜೊತೆಗೆ ಒಯ್ಯಿರಿ. ಅದು ಚೆನ್ನಾಗಿದ್ದರೆ ಹೊಸದು ಬೇಡ ಅಂತ ಹೇಳಿ, ಪಟ್ಟಿ ಮಾತ್ರ ಸರಿ ಮಾಡಿ ಕಳಿಸುತ್ತಾರೆ.